ವಾಲಿದ ಗೋಪುರ

ಓಕ್‌ವಿಲ್‌ನಲ್ಲಿದ್ದೇವೆ ಎಂದರೆ ಸಾಕು, ಕೆನಡಾದ ನಮ್ಮ ಕನ್ನಡ ಬಳಗದವರು ಹುಬ್ಬೇರಿಸುತ್ತಿದ್ದರು. ಸರೋವರದ ದಂಡೆಯ ಬಂಗಲೆಗಳ ಊರಲ್ಲವೇ ಅದು! ನಮ್ಮದು ಆ ಬಂಗಲೆಗಳಿಂದ ದೂರದ, ಗೋಡೆಗೆ ಗೋಡೆ ಅಂಟಿದ ಬಾಡಿಗೆಯ ಟೌನ್‌ಹೌಸು. ಸರೋವರ ಕಾರಿನಲ್ಲಿ ಹೋದರೆ ಹತ್ತಿರವೇ ಎನ್ನುತ್ತಿದ್ದರು. ಅಲ್ಲಿದ್ದಷ್ಟು ದಿನ ನಾನು ಅದನ್ನು ನೋಡಿದ್ದು ಬೆರಳೆಣಿಕೆಯಷ್ಟು ಸಲ.

ಕಾರಣ ನಮ್ಮ ಅತ್ತೆ. ಧಾರವಾಡದಿಂದ ಮಗನ ಸಂಸಾರ ನೋಡಲು ಬಂದವರಿಗೆ ಇಲ್ಲಿಯೇ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮೆಟ್ಟಿಲು ಹತ್ತಲಾಗದ್ದರಿಂದ ಅಡುಗೆಮನೆಗೆ ಹೊಂದಿಕೊಂಡ ನಡುಮನೆಯಲ್ಲೇ ಅವರ ಮಂಚ ಹಾಕಿದೆವು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ಸ್ವಲ್ಪ ಕಣ್ಣು ತಪ್ಪಿಸಿದರೂ ಎದ್ದು ನಿಲ್ಲಲು ಹೋಗಿ ಬೀಳುತ್ತಿದ್ದರು. ನಮ್ಮ ಮನೆಯವರಿಗೆ ಕಾರ್ ಪ್ಲಾಂಟಿನಲ್ಲಿ ಶಿಫ್ಟು. ಮನೆಗೆ ಬಂದರೆ ನಿದ್ದೆ. ಧಾರವಾಡದಲ್ಲಿದ್ದಾಗ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನಾನು ಇಲ್ಲಿ ನಡುಮನೆ, ಅಡುಗೆಮನೆ, ಬಚ್ಚಲಿನ ನಡುವೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು. ಕೈಲಾಗದವರ ಮೇಲೆ ಸಿಟ್ಟಾಗುವ ನನ್ನ ಮೇಲೂ ಬರುತ್ತಿತ್ತು. ಎರಡನ್ನೂ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಬಿಳಿಯ ಮುದುಕಿ, ಆ ಮುದುಕಿಯನ್ನು ನೋಡಿಕೊಳ್ಳಲು ಫಿಲಿಪ್ಪೀನ್ಸಿನಿಂದ ಬಂದು ಅಲ್ಲೇ ವಾಸವಿದ್ದ ಹೆಂಗಸು. ನನಗಿಂತ ದೊಡ್ಡವಳು. ಅವರ ಭಾಷೆಯಲ್ಲಿ ಅಕ್ಕನಿಗೆ ‘ಆತೆ’ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಮಧ್ಯಾಹ್ನ ಮುದುಕಿ ಮಲಗಿದ ಮೇಲೆ ಆತೆ ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಮುದುಕಿಯ ಮಗಳೇ ಒಪ್ಪಿಗೆ ಕೊಟ್ಟಿದ್ದಳು, ಒಂದು ಷರತ್ತಿನ ಮೇಲೆ. ಕೂಸಿನ ತೊಟ್ಟಿಲ ಬಳಿ ಇಡುವಂಥ ಮಾನಿಟರ್ ಸದಾ ಜೊತೆಗಿರಬೇಕು. ಆ ಪುಟ್ಟ ಡಬ್ಬಿ ನಮ್ಮ ಮೇಜಿನ ಮೇಲೆ ಕೂತು ಮುದುಕಿಯ ಗೊರಕೆಯನ್ನು ಕೇಳಿಸುತ್ತಿತ್ತು. ಬೀದಿ ತಿರುವಿನ ಅಂಚೆಪೆಟ್ಟಿಗೆಗಳ ಹತ್ತಿರ ಹೋದರೆ ಸಿಗ್ನಲ್ ಹೋಗಿಬಿಡುತ್ತಿತ್ತು. ಹಾಗಾಗಿ ಆತೆಯ ಊರು ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಊರೂ ಅಷ್ಟೇ ಇತ್ತು, ಮಾನಿಟರ್ ಇಲ್ಲದೆಯೂ.

೨೦೧೭ರ ಬೇಸಿಗೆಯಲ್ಲಿ ಆತೆ ಒಂದು ದಿನ ಬಣ್ಣದ ಕಾಗದದ ಕಟ್ಟು ಹಿಡಿದುಕೊಂಡು ಬಂದಳು. ಗಾಳಿಪಟಕ್ಕೆ ಅಂಟಿಸುವಂಥ ತೆಳ್ಳನೆಯ ಹಾಳೆಗಳು. ಚಳಿಗಾಲಕ್ಕೆ ಮಗಳಿಗೆ ಹದಿನೆಂಟು ತುಂಬುತ್ತದೆ, ಅವರಲ್ಲಿ ಹುಡುಗಿಗೆ ಹದಿನೆಂಟು ತುಂಬಿದರೆ ಮದುವೆಯಷ್ಟೇ ಅದ್ದೂರಿ ಎಂದಳು. ಆ ಮಗಳು ಎರಡನೇ ಇಯತ್ತೆಯಲ್ಲಿದ್ದಾಗ ಅಜ್ಜಿಯ ಬಳಿ ಬಿಟ್ಟು ಹೊರಟವಳು ಆತೆ. ಮೊದಲು ಹಾಂಗ್‌ಕಾಂಗು, ಆಮೇಲೆ ಕೆನಡಾ. ಇಲ್ಲಿ ಕಾಯಂ ಆಗಿ ಉಳಿಯಲು ಅರ್ಜಿ ಹಾಕಿದ್ದಳು. ಅದು ಇತ್ಯರ್ಥವಾಗುವ ಮೊದಲೇ ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ಬಿಡದಿದ್ದರೆ ಮಗಳನ್ನು ಕರೆಸಿಕೊಳ್ಳುವ ಆಸೆಯೂ ಮಣ್ಣುಪಾಲು. ಅದಕ್ಕೇ ಹೋಗುವಂತಿರಲಿಲ್ಲ.

ಮಗಳು ಹಟ ಮಾಡಿರಲಿಲ್ಲ. ‘ಬರೋಕೆ ಆಗದಿದ್ದರೆ ಮಿಠಾಯಿಯ ಕಾಗದಗಳನ್ನಾದರೂ ನೀನೇ ಕತ್ತರಿಸಿ ಕಳಿಸು ಅಮ್ಮ, ನಿನ್ನ ಕೈಯಿಂದಲೇ’ ಎಂದಿದ್ದಳಂತೆ.

ಆತೆಯ ಊರು ಮನಿಲಾದಿಂದ ಉತ್ತರಕ್ಕೆ. ಅಲ್ಲಿ ಎಮ್ಮೆ ಹಾಲು ಬತ್ತಿಸಿ ಬೆರಳುದ್ದದ ಮಿಠಾಯಿ ಮಾಡುತ್ತಾರೆ. ಅದನ್ನು ಸುತ್ತುವ ಕಾಗದಕ್ಕೆ ಉದ್ದನೆಯ ಬಾಲ. ಆ ಬಾಲದಲ್ಲಿ ಉಗುರು ಕತ್ತರಿಯಿಂದ ಹೂವು, ಬಳ್ಳಿ, ಬಿದಿರಿನ ಗುಡಿಸಲು, ಭತ್ತ ಕುಟ್ಟುವ ಗಂಡ ಹೆಂಡತಿ, ಎಲ್ಲವನ್ನೂ ಜಾಲರಿಯಂತೆ ಕೊರೆಯುತ್ತಾರೆ. ಹಬ್ಬದ ದಿನ ಮೇಜಿನ ತುಂಬ ಆ ಬಾಲಗಳು ಇಳಿಬಿದ್ದಿರುತ್ತವಂತೆ. ಆತೆಗೆ ತಾಯಿ ಕಲಿಸಿದ ಕೆಲಸ. ಈಗ ಊರಿನಲ್ಲೂ ಬಲ್ಲವರು ಕಡಿಮೆ.

ಹಾಲಿನ ಪುಡಿಯಲ್ಲಿ ಮಾಡಿದ ಮಿಠಾಯಿಯನ್ನು ಆತೆ ಅತ್ತೆಗೂ ತಿನ್ನಿಸಿದಳು. ಅತ್ತೆ ಬಾಯಾಡಿಸಿ ತೀರ್ಪು ಕೊಟ್ಟರು: “ಇದು ಇನ್ನೂ ಪೇಡಾ ಆಗಿಲ್ಲ. ಬೆಳ್ಳಗ ಐತಿ. ಇನ್ನೊಂದಿಷ್ಟು ಹೊತ್ತು ಒಲಿ ಮ್ಯಾಲ ಇಡಂತ ಹೇಳು ಆಕಿಗೆ.”

“ಬಹಳ ಚೆನ್ನಾಗಿದೆ ಅನ್ನುತ್ತಿದ್ದಾರೆ” ಎಂದು ನಾನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆತೆ ಅತ್ತೆಯ ಮುಖ ನೋಡಿಯೇ ನಿಜ ತಿಳಿದುಕೊಂಡು ನಕ್ಕಳು.

ಆತೆ ಕಾಗದ ಕತ್ತರಿಸುವುದನ್ನು ನೋಡುತ್ತ ನನಗೂ ಹುಕಿ ಬಂತು. ಎಷ್ಟಾದರೂ ಕಸೂತಿಯ ಊರಿನವಳು. ಒಂದು ಹಾಳೆಯ ಮೇಲೆ ನಮ್ಮ ಇಳಕಲ್ ಸೀರೆಗೆ ಹಾಕುವ ಗೋಪುರ ಬರೆದು, ಗೆರೆ ಹಿಡಿದು ಕತ್ತರಿಸುತ್ತ ಹೋದೆ. ಕೊನೆಯ ಗೆರೆ ಮುಗಿಸಿ ಎತ್ತಿ ಹಿಡಿದರೆ ಗೋಪುರ ಪುಡಿಪುಡಿಯಾಗಿ ಮಡಿಲಿಗೆ ಬಿತ್ತು. ಕೈಯಲ್ಲಿ ಉಳಿದದ್ದು ತೂತು. ದಾರಕ್ಕೆ ಬಟ್ಟೆಯ ಆಸರೆಯಿರುತ್ತದೆ, ಎಲ್ಲಿ ಬೇಕಾದರೂ ಹರಿದಾಡಬಹುದು. ಕಾಗದದಲ್ಲಿ ಪ್ರತಿ ತುಂಡೂ ಇನ್ನೊಂದಕ್ಕೆ ಎಲ್ಲಾದರೂ ಅಂಟಿಕೊಂಡೇ ಇರಬೇಕು. ಆತೆ ಹೊಟ್ಟೆ ಹಿಡಿದುಕೊಂಡು ನಕ್ಕು, ಎಲ್ಲೆಲ್ಲಿ ಕತ್ತರಿಸದೆ ಬಿಡಬೇಕೆಂದು ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟುಕೊಟ್ಟಳು.

ಎಷ್ಟೋ ಹಾಳೆ ಹಾಳಾದ ಮೇಲೆ ಕೆಂಪು ಕಾಗದದಲ್ಲಿ ಒಂದು ಗೋಪುರ ನಿಂತಿತು. ಅತ್ತೆ ಮಂಚದಿಂದಲೇ ಕತ್ತು ಚಾಚಿದರು.

“ಯವ್ವಾ, ಎಡಕ್ಕ ವಾಲೇತಲ್ಲ! ಕಳಸ ಬಿದ್ದೀತು, ಹಿಡಕೋ.”

“ಇರ್ಲಿ ಬಿಡ್ರಿ ಅತ್ತಿ, ಗಾಳಿಗೆ ವಾಲೇತಿ” ಎಂದೆ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂವರೂ ಕೂಡಿ ನಕ್ಕಿದ್ದೆವು. ಅಷ್ಟರಲ್ಲಿ ಡಬ್ಬಿಯಲ್ಲಿ ಮುದುಕಿ ಕೆಮ್ಮಿದಳು. ಆತೆ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು.

ಹಡಗಿನಲ್ಲಿ ಹೋಗುವ ಪೆಟ್ಟಿಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆಂದು ಆತೆ ಬೇಸಿಗೆ ಮುಗಿಯುವುದರೊಳಗೆ ಎಲ್ಲವನ್ನೂ ಕತ್ತರಿಸಿದಳು. ಕಣ್ಣು ಕೆಂಪಾಗಿ, ಹೆಬ್ಬೆರಳಿಗೆ ಕತ್ತರಿಯ ಹಿಡಿಕೆ ಒತ್ತಿ ಗುಳ್ಳೆ ಎದ್ದಿತ್ತು. ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲು, ಶಾಂಪೂ, ಚಾಕೊಲೇಟು, ಮಗಳ ಬೂಟು ತುಂಬಿ, ಮೇಲೆ ಕಾಗದಗಳನ್ನು ಇಟ್ಟಳು. ನನ್ನ ಗೋಪುರವನ್ನೂ ಸೇರಿಸಿದಳು. ‘ಅಂಥ ಚಂದದ ಕೆಲಸದ ನಡುವೆ ಇದ್ಯಾಕೆ’ ಎಂದರೆ ಕೇಳಲಿಲ್ಲ. ಪೆಟ್ಟಿಗೆಯ ಲಾರಿ ಬೀದಿ ತಿರುವು ದಾಟಿ ಹೋಗುವುದನ್ನು ನಾವಿಬ್ಬರೂ ಅಂಚೆಪೆಟ್ಟಿಗೆಗಳ ಈಚೆ ನಿಂತು ನೋಡಿದೆವು. ಒಂದು ರಟ್ಟಿನ ಪೆಟ್ಟಿಗೆಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಫಿಲಿಪ್ಪೀನ್ಸಿನಲ್ಲಿ ಸಂಜೆಯಾದರೆ ನಮಗೆ ಬೆಳಗು. ಹುಟ್ಟುಹಬ್ಬದ ದಿನ ಹಿಮ ಬಿದ್ದಿತ್ತು. ನಮ್ಮ ಮನೆಯವರು ಶಿಫ್ಟಿಗೆ ಹೋಗಿದ್ದರು. ಆತೆ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಮಾನಿಟರ್ ಹಿಡಿದು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಅತ್ತೆಯ ಮಂಚದ ಮೇಲೆ ಮೂವರೂ ಒತ್ತಾಗಿ ಕೂತೆವು. ಫೋನಿನಲ್ಲಿ ನೀಲಿ ಗೌನಿನ ಹುಡುಗಿ, ಹಿಂದೆ ಮೇಜು, ಮೇಜಿನಿಂದ ಇಳಿಬಿದ್ದ ನೂರಾರು ಬಣ್ಣದ ಬಾಲಗಳು. ಆತೆ ಬಾಯಿಗೆ ಕೈ ಒತ್ತಿಕೊಂಡಳು.

ಹುಡುಗಿಯದು ಅರ್ಧ ಇಂಗ್ಲಿಷು, ಅರ್ಧ ಅವರ ಭಾಷೆ, ನನಗೂ ತಿಳಿಯುವಷ್ಟು. ಅತಿಥಿಗಳು ಬಂದು ತಿಂದು ಎಲ್ಲವನ್ನೂ ಒಯ್ಯಲಿ, ನಾನು ಒಂದನ್ನು ಮಾತ್ರ ತೆಗೆದಿಟ್ಟುಕೊಂಡಿದ್ದೇನೆ ಎಂದಳು. “ಉಳಿದವೆಲ್ಲ ಇಲ್ಲಿಯವರು ಕತ್ತರಿಸುವ ಹಾಗೇ ಇವೆ. ಇದೊಂದು ಬೇರೆ. ನೋಡಿದ ಕೂಡಲೇ ಗೊತ್ತಾಯಿತಮ್ಮ, ಇದು ನೀನು ನನಗೇ ಅಂತ ಮಾಡಿದ್ದು.”

ಗಾಜು ಹಾಕಿಸಿದ ಚೌಕಟ್ಟನ್ನು ಎತ್ತಿ ತೋರಿಸಿದಳು. ಒಳಗೆ ನನ್ನ ಕೆಂಪು ಗೋಪುರ, ಎಡಕ್ಕೆ ವಾಲಿಕೊಂಡು.

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎದ್ದು ಹೋಗೋಣವೆಂದರೆ ಒಂದು ಕಡೆ ಅತ್ತೆ, ಒಂದು ಕಡೆ ಆತೆ, ನಡುವೆ ನಾನು. ಅತ್ತೆ ಮೊಳಕೈಯಿಂದ ತಿವಿದರು.

“ಏ, ಅದು ನಿಂದಲ್ಲೇನ?”

“ಸುಮ್ನಿರ್ರಿ ಅತ್ತಿ. ಅದು ಆಕೀದು.”

ಅತ್ತೆ ನನ್ನ ಮುಖ ನೋಡಿದರು, ಆತೆಯ ಮುಖ ನೋಡಿದರು. ಆಮೇಲೆ ಬಲಗೈಯನ್ನು ನನ್ನ ಹಿಂದಿನಿಂದ ಚಾಚಿ ಆತೆಯ ಬೆನ್ನ ಮೇಲಿಟ್ಟು, “ಹೂಂ, ಆಕೀದ ಐತಿ” ಎಂದರು.

ಆತೆಯ ನಗು ಒಂದಿಷ್ಟೂ ಅಲುಗಲಿಲ್ಲ. “ಹೌದು ಕಂದ, ನಿನಗೇ ಅಂತ ಮಾಡಿದ್ದು” ಎಂದಳು. ಡಬ್ಬಿಯಲ್ಲಿ ಮುದುಕಿ ಕರೆಯತೊಡಗಿದ್ದಳು. ಫೋನಿಗೆ ಮುತ್ತು ಕೊಟ್ಟು, ಆತೆ ಹಿಮ ತುಳಿಯುತ್ತ ಪಕ್ಕದ ಮನೆಗೆ ಹೋದಳು.

ಮರುದಿನ ಬರಲಾರಳು ಎಂದುಕೊಂಡಿದ್ದೆ. ಎಂದಿನಂತೆ ಮಧ್ಯಾಹ್ನ ಬಂದಳು. ಮಾನಿಟರನ್ನು ಮೇಜಿನ ಮೇಲಿಟ್ಟು, ಕೆಂಪು ಹಾಳೆ ಬಿಡಿಸಿ, ನನ್ನ ಕಡೆ ಪೆನ್ಸಿಲು ಸರಿಸಿದಳು. ಮಗಳು ಇಲ್ಲಿಗೆ ಬಂದ ದಿನ ‘ಇನ್ನೊಂದು ಮಾಡಿಕೊಡು’ ಎಂದರೆ ಏನು ಮಾಡಲಿ, ಆ ಗೋಪುರ ಕಲಿಸು ಎಂದಳು.

ನಾನು ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಪೆನ್ಸಿಲು ತೆಗೆದುಕೊಂಡು ಬರೆಯತೊಡಗಿದೆ. ಈ ಸಲವಾದರೂ ಚೆನ್ನಾಗಿ ಬರಲಿ ಎಂದು ಅಳತೆಪಟ್ಟಿ ಇಟ್ಟೆ. ಆತೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

“ನೆಟ್ಟಗೆ ಬೇಡ. ಅವಳ ಹತ್ತಿರ ಇರುವುದು ವಾಲಿದ್ದು.”

ನಾನು ರಬ್ಬರು ತೆಗೆದುಕೊಂಡು ಬರೆದದ್ದನ್ನು ಅಳಿಸಿದೆ.