ಇಪ್ಪತ್ತಡಿ ಆಚೆಯಿಂದ ಕಾಯಿ ನೋಡಿದ್ದು

೧೯೯೮ರ ಮೇ ೧೧ರ ಮಧ್ಯಾಹ್ನ ರಾಜಸ್ಥಾನದ ಪೋಖ್ರಾನಿನಲ್ಲಿ ನೆಲದಡಿ ಮೂರು ಅಣುಸ್ಫೋಟ ಪರೀಕ್ಷೆಗಳು ನಡೆದವು. ಅದೇ ಸಂಜೆ ನನ್ನ ದೊಡ್ಡಮ್ಮ ಬೆಂಗಳೂರಿನ ಆಸ್ಪತ್ರೆಯಿಂದ ನೊಣವಿನಕೆರೆ ಬಳಿಯ ನಮ್ಮ ಹಳ್ಳಿಗೆ ಮರಳಿದಳು. ಕುತ್ತಿಗೆಯ ಗಂಟಿಗೆ ಆರು ವಾರ ಕೋಬಾಲ್ಟ್ ಯಂತ್ರದ ವಿಕಿರಣ ಕೊಟ್ಟಿದ್ದರು. ಈ ಎರಡಕ್ಕೂ ಸಂಬಂಧವಿರಲಿಲ್ಲ. ಸಂಬಂಧ ಕಲ್ಪಿಸಿದವನು ನಮ್ಮ ಕಾಯಿ ಸುಲಿಯುವ ಮೇಸ್ತ್ರಿ.

ವರ್ಷದ ಹತ್ತಿರ ಅಟ್ಟದ ಮೇಲಿಟ್ಟ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗಿನ ಒಣ ಗಿಟ್ಟೆ, ಅಂದರೆ ಗಿಟುಕು, ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಸುಲಿಯಬಹುದು. ಹಸಿಯಿದ್ದುದನ್ನು ಸುಲಿದು ಒಡೆದರೆ ಕೆಟ್ಟಿತೆಂದೇ ಅರ್ಥ. ನಮ್ಮ ಮನೆಯಲ್ಲಿ ಆ ತೀರ್ಮಾನ ಮೊದಲಿನಿಂದಲೂ ದೊಡ್ಡಮ್ಮನದು.

ಆ ವರ್ಷ ಮೇಸ್ತ್ರಿ ಅಂಗಳದಲ್ಲಿ ಸುಲಿಯುವ ಕಬ್ಬಿಣದ ಗೂಟ ನೆಡುವ ಮೊದಲೇ ಹೇಳಿಬಿಟ್ಟ: "ಅವ್ವ ಮುಟ್ಟಿದ ಕಾಯಿ ನಾವ್ ಮುಟ್ಟಕ್ಕಿಲ್ಲ ಕಣ್ರೀ. ಟೀವೀಲಿ ತೋರ್ಸಿದ್ರಲ್ಲ, ಅದೇ ಇವರ ಮೈಯಾಗೂ ಬಿಟ್ಟವ್ರೆ."

ದೊಡ್ಡಮ್ಮ ನನಗೆ ಹೇಳಿದ್ದು ಇಷ್ಟೇ: "ಈ ಕೆಲ್ಸಾನೂ ಕಿತ್ಕೊಂಡ್ರೆ ನಾನು ಬೆಂಗ್ಳೂರಿಂದ ವಾಪಸ್ ಬಂದಿದ್ದಾದ್ರೂ ಯಾಕಪ್ಪ?"

ನಾನು ಆಗ ತಿಪಟೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಬರೆದುಕೊಂಡೆ. ಹಳ್ಳಿಗೆ ಬಂದು ಮೇಸ್ತ್ರಿಗೆ ವಿವರಿಸಿದೆ: ಯಂತ್ರದ ಕಿರಣ ಟಾರ್ಚಿನ ಬೆಳಕಿದ್ದಂತೆ. ಗೋಡೆಗೆ ಬಿಡುತ್ತೀರಿ, ಆರಿಸುತ್ತೀರಿ. ಆಮೇಲೆ ಗೋಡೆ ತಾನಾಗಿ ಬೆಳಗುವುದಿಲ್ಲ. ಬಾಂಬಿನ ಭಯ ಬೇರೆ. ಅದು ಬಯಲಲ್ಲಿ ಸಿಡಿದರೆ ದೂಳು ಉಳಿಯುತ್ತದೆ, ಆ ದೂಳೇ ಕಿರಣ ಬಿಡುತ್ತಿರುತ್ತದೆ. ದೊಡ್ಡಮ್ಮನ ಮೈಮೇಲೆ ಅಂಥ ದೂಳೇನೂ ಇಲ್ಲ.

ಮೇಸ್ತ್ರಿ ಗಮನವಿಟ್ಟು ಕೇಳಿದ. "ಆರ್ಸವ್ರೆ ಅಂತ ಹೆಂಗ್ ಗೊತ್ತು ಸ್ವಾಮಿ? ನೀವ್ ನೋಡಿದ್ರಾ?"

ನಾನು ನೋಡಿರಲಿಲ್ಲ. ಹಾಗೆಂದೇ ಹೇಳಿದೆ.

ಆಸ್ಪತ್ರೆಯಿಂದ ಸಹಿ, ಮೊಹರು ಇದ್ದ ಕಾಗದ ತರಿಸಿದೆ. ರೋಗಿಯಿಂದ ಯಾರಿಗೂ ಅಪಾಯವಿಲ್ಲ ಎಂದು ಅದರಲ್ಲಿತ್ತು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. "ಅದೂ ಅಲ್ಲಿಂದ್ಲೇ ಬಂದಿರೋದಲ್ವಾ?" ನಾನು ಗಟ್ಟಿಯಾಗಿ ಓದಿದೆ. ಆಳೊಬ್ಬ ಹಿಂದಿನಿಂದ, "ಬುಡ್ರಣ್ಣ, ಕಾಗ್ದ ಓದ್ದೋರ ಕೈಗೂ ಹತ್ತೈತೆ ಈಗ" ಅಂದ. ಆಮೇಲೆ ನನಗೂ ಜಗಲಿಯ ಮೇಲೆ ದೊಡ್ಡಮ್ಮನ ಪಕ್ಕದಲ್ಲೇ ಜಾಗ ತೋರಿಸಿದರು.

ಕೊನೆಗೆ ಒಪ್ಪಂದವಾಯಿತು. ಮೇಸ್ತ್ರಿ ಹಗ್ಗದಲ್ಲಿ ಅಳೆದು ಜಗಲಿಯಿಂದ ಇಪ್ಪತ್ತಡಿ ದೂರದಲ್ಲಿ ಸುಣ್ಣದ ಗೆರೆ ಎಳೆದ. ಇಪ್ಪತ್ತೇ ಏಕೆ ಎಂದು ಕೇಳಿದೆ. ಹಗ್ಗ ಇದ್ದದ್ದೇ ಅಷ್ಟು ಎಂದ. ಗೆರೆಯಾಚೆ ಅವನು ಕಾಯಿ ಅಲ್ಲಾಡಿಸುವುದು, ಈಚೆ ದೊಡ್ಡಮ್ಮ ಕೇಳಿಸಿಕೊಂಡು ಹೇಳುವುದು. ಚಿಕಿತ್ಸೆಯಿಂದ ಅವಳ ದನಿ ಬಿದ್ದುಹೋಗಿ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿತ್ತು. ಆದ್ದರಿಂದ ಕೈ ಎತ್ತಿದರೆ ಸುಲಿಯಬೇಕು, ಎತ್ತದಿದ್ದರೆ ಪಕ್ಕಕ್ಕಿಡಬೇಕು.

ಕಾಯಿಯ ಸದ್ದು ದೊಡ್ಡಮ್ಮನಿಗೆ ಕೇಳಲೆಂದು ಮೊದಲೆರಡು ದಿನ ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ಕೋಳಿಗಳನ್ನು ಪಂಜರಕ್ಕೆ ಹಾಕಿದ್ದರು. ಒಬ್ಬ ಕೆಮ್ಮಿದ್ದಕ್ಕೆ ಬೈಸಿಕೊಂಡ. ಇಪ್ಪತ್ತಡಿಯಿಂದಲೂ ದೊಡ್ಡಮ್ಮ ತಪ್ಪಲಿಲ್ಲ.

ಮೂರನೆಯ ದಿನ ಹಲಸಿನ ಹಣ್ಣು ಕೊಯ್ದಿದ್ದರಿಂದ ನೊಣ ಮುತ್ತಿದವು. ದೊಡ್ಡಮ್ಮ ಮುಖದ ಮುಂದೆ ಕೈ ಬೀಸಿದಾಗಲೆಲ್ಲ ಮೇಸ್ತ್ರಿ ಒಂದೊಂದು ಕಾಯಿ ಸುಲಿದ. ಒಡೆದು ನೋಡಿದರೆ ನಾಲ್ಕಕ್ಕೆ ನಾಲ್ಕೂ ಹಸಿ.

"ಅವ್ವಾ, ಈಗ ಎತ್ತಿದ್ದು ಕಾಯಿಗೋ, ನೊಣಕ್ಕೋ?" ಎಂದು ಕೂಗಿದ.

ದೊಡ್ಡಮ್ಮ ಏನೋ ಹೇಳಿದಳು. ಕೇಳಿಸಲಿಲ್ಲ.

"ಏನಂದ್ರಿ?"

ಅವಳು ಮತ್ತೆ ಹೇಳಿದಳು. ತುಟಿ ಮಾತ್ರ ಆಡಿತು. ಮೇಸ್ತ್ರಿ ಕಾಯಿ ಹಿಡಿದುಕೊಂಡೇ ಗೆರೆ ದಾಟಿ ಜಗಲಿಗೆ ಬಂದು ಕಿವಿಗೊಟ್ಟು ಬಗ್ಗಿದ.

"ನೊಣಕ್ಕೆ ಕಣ್ಲಾ, ಬಡ್ಡೈದ್ನೆ. ತತ್ತಾ ಇಲ್ಲಿ."

ಅವನ ಕೈಯಿಂದ ಕಾಯಿ ಕಿತ್ತುಕೊಂಡು ಕಿವಿಯ ಬಳಿ ಎರಡು ಸಲ ಅಲ್ಲಾಡಿಸಿದಳು. "ಒಣಗೈತೆ, ಸುಲಿ" ಎಂದು ವಾಪಸು ಚಾಚಿದಳು. ಮೇಸ್ತ್ರಿ ಆಳುಗಳ ಕಡೆ ನೋಡಿದ. ಅವರು ಇವನ ಕಡೆಯೇ ನೋಡುತ್ತಿದ್ದರು. ಅವನು ಕಾಯಿ ತೆಗೆದುಕೊಂಡ.

ಸಂಜೆಯ ಬಸ್ಸಿಗೆ ನಾನು ಹೊರಟಾಗ ಅವನು ಒಂದೊಂದೇ ಕಾಯಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಅವಳ ಕೈಯಿಂದಲೇ ಈಸಿಕೊಳ್ಳುತ್ತಿದ್ದ. ನಡುವೆ ಎರಡು ಸಲ ಎದ್ದುಹೋಗಿ ಕೈ ತೊಳೆದು ಬಂದ.