ಉನ್ನತ ದ್ವಾರದಲ್ಲಿ ಒಂದು ಅಹವಾಲು

ಆಟೋಮನ್ ತುರ್ಕರ ಸರ್ಕಾರವನ್ನು ಯುರೋಪಿನವರು ‘ಸಬ್ಲೈಮ್ ಪೋರ್ಟ್’ ಎಂದು ಕರೆಯುತ್ತಿದ್ದರು. ಅಂದರೆ ಉನ್ನತ ದ್ವಾರ. ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸಿದ ಸಿಸ್ಟರ್ ಅದನ್ನು ಕ್ಲಾಸಿನ ಬಾಗಿಲಲ್ಲೇ ನಿಂತು ವಿವರಿಸಿದ್ದರು. ಹಿಂದೆ ಪೂರ್ವದ ದೊರೆಗಳು ಅರಮನೆಯ ಬಾಗಿಲಲ್ಲಿ ಜನರ ದೂರು ಕೇಳಿ, ತೀರ್ಪನ್ನು ಅಲ್ಲೇ ಸಾರುತ್ತಿದ್ದರಂತೆ. ಹಾಗಾಗಿ ಬಾಗಿಲಿನ ಹೆಸರೇ ಆಳ್ವಿಕೆಯ ಹೆಸರಾಯಿತು. ತುರ್ಕರ ಮಾತಿನಲ್ಲಿ ಅದು ಬಾಬ್-ಇ-ಆಲಿ. ಕೊನೆಗೆ ಇಸ್ತಾಂಬುಲ್ಲಿನ ಪ್ರಧಾನ ವಜೀರನ ಕಚೇರಿಯ ಹೆಬ್ಬಾಗಿಲಿಗೆ ಆ ಹೆಸರು ನಿಂತಿತು. ರಾಯಭಾರಿಗಳ ಭಾಷೆ ಫ್ರೆಂಚ್ ಆದ್ದರಿಂದ ಫ್ರೆಂಚ್ ಅನುವಾದವೇ ಎಲ್ಲೆಡೆ ಹಬ್ಬಿತು. ‘ವಿಧಾನಸೌಧ ಒಪ್ಪಲಿಲ್ಲ’ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಆ ಸಿಸ್ಟರ್ ಈಗಿಲ್ಲ. ಜೊತೆಗೆ ಕೂತವರಲ್ಲೂ ಎಷ್ಟು ಜನ ಉಳಿದಿದ್ದಾರೋ ಗೊತ್ತಿಲ್ಲ. ಪಾಠ ಮಾತ್ರ ನೆನಪಾಯಿತು, ದುಬೈಯ ಅಲ್ ಮುರಕ್ಕಬಾತ್‌ನ ನಮ್ಮ ಬಿಲ್ಡಿಂಗಿನ ಹಿಂದಿನ ಗೇಟಿಗೆ ಬೀಗ ಬಿದ್ದ ದಿನ.

ಎದುರು ಫ್ಲ್ಯಾಟಿನಲ್ಲಿ ಉಳ್ಳಾಲ ಕಡೆಯ ಬ್ಯಾರಿ ಹೆಂಗಸೊಬ್ಬರಿದ್ದಾರೆ. ನನಗಿಂತ ಹಿರಿಯರು, ಅಕ್ಕ ಎನ್ನುತ್ತೇನೆ. ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ‘ಬಾಯಿ’ ಎನ್ನುತ್ತಾರೆ. ಸೊಂಟದ ಎಲುಬು ಮುರಿದ ಮೇಲೆ ಅವರಿಗೆ ವೀಲ್‌ಚೇರೇ ಗತಿ. ಮುಂಬಾಗಿಲಿಗೆ ಮೆಟ್ಟಿಲು, ಇಳಿಜಾರು ಇರುವುದು ಹಿಂದೆ ಮಾತ್ರ. ಬೀಗ ಬಿದ್ದದ್ದೇ ಅವರ ಸಂಜೆಯ ತಿರುಗಾಟ ಖಲಾಸ್.

“ಮಮ್ಮಿ, ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿದ್ದೇನೆ. ಪ್ಲೀಸ್, ಡೋಂಟ್ ಮೇಕ್ ಎ ಸೀನ್,” ಎಂದಳು ಮಗಳು.

ಅವಳು ಎರಡು ಸಲ ಹಾಕಿದಳು, ಎರಡು ಸಲವೂ ಆ್ಯಪ್ ‘ರಿಸಾಲ್ವ್ಡ್’ ಎಂದಿತು. ಬೀಗ ಅಲ್ಲೇ ಇತ್ತು.

ಬಿಲ್ಡಿಂಗಿನ ಮಾಲೀಕರು ವಯಸ್ಸಾದ ಅರಬ್ಬರು. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ನಮ್ಮ ಮುಂಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕರಕ್ ಚಾ ಕುಡಿಯುತ್ತಾರೆ. ಅಲ್ಲೇ ಹಿಡಿಯುತ್ತೇನೆ ಎಂದು ಅಕ್ಕನಿಗೆ ಹೇಳಿದೆ, ತುರ್ಕರ ಕಥೆಯನ್ನೂ ಸೇರಿಸಿ.

“ಕಥೆ ಚಂದ ಉಂಟು ಬಾಯಿ. ಆದ್ರೆ ಅವ ನಿಮ್ಮನ್ನೂ ಒಳಗೆ ಹಾಕಿ ಬೀಗ ಜಡಿದ್ರೆ?”

“ಒಳ್ಳೇದೇ ಆಯ್ತಲ್ಲ, ನಿಮಗೊಂದು ಕಂಪನಿ.”

ಶುಕ್ರವಾರ ಒಳ್ಳೆಯ ಸೀರೆ ಉಟ್ಟು ಇಳಿದೆ. ಹಳೆಯ ದುಬೈಯವರಿಗೆ ಹಿಂದಿ ಚೆನ್ನಾಗಿ ಬರುತ್ತದೆ, ನನ್ನದೇ ಹರಕು.

“ಆಫೀಸ್ ಮೇ ಬೋಲೋ, ಮಾಂಜೀ,” ಎಂದರು ಅವರು, ಲೋಟದಿಂದ ಕಣ್ಣೆತ್ತದೆ.

ಆಫೀಸಿಗೂ ಹೇಳಿ ಆಯಿತು, ಆ್ಯಪ್‌ಗೂ ಹೇಳಿ ಆಯಿತು, ಈಗ ಬಾಗಿಲಿಗೆ ಬಂದಿದ್ದೇನೆ ಎಂದೆ. ಗೇಟು ತೆರೆದರೆ ಕಂಡವರೆಲ್ಲ ಬೈಕು ನಿಲ್ಲಿಸುತ್ತಾರೆ, ಕಸ ಸುರಿಯುತ್ತಾರೆ ಎಂದರು. ಅದು ಸುಳ್ಳಲ್ಲ. ಹಾಗಾದರೆ ಕೀಲಿ ವಾಚ್‌ಮನ್ ಹತ್ತಿರ ಇರಲಿ, ಸಂಜೆ ಮಾತ್ರ ತೆರೆಯಲಿ ಎಂದೆ. ಅವರು ಕುರ್ಚಿ ತೋರಿಸಿದರು. ಮಂಡಿ ನೋಯುತ್ತಿದ್ದರೂ ಕೂರಲಿಲ್ಲ. ಕೂತರೆ ಮಾತು ಕ್ಷೇಮಸಮಾಚಾರಕ್ಕೆ ತಿರುಗಿ, ಗೇಟು ಮರೆತುಹೋಗುತ್ತದೆ.

ಅವರು ಚಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ವಾಚ್‌ಮನ್‌ನನ್ನು ಕೂಗಿ ಕರೆದು, ದಿನಾ ಅಸರ್‌ನಿಂದ ರಾತ್ರಿಯ ಇಶಾ ನಮಾಜಿನವರೆಗೆ ತೆರೆದಿಡು, ಬೈಕು ಕಂಡರೆ ನಿನ್ನನ್ನೇ ಕೇಳುತ್ತೇನೆ ಎಂದರು.

ಲಿಫ್ಟಿನಲ್ಲಿ ಮೇಲೆ ಹೋದೆ. “ಯಲ್ಲಾ ಅಕ್ಕ, ಹೊರಡಿ.”

“ಇವತ್ತೇಯಾ? ನಾಳೆ ಹೋದ್ರೆ ಆಗ್ಲಿಕ್ಕಿಲ್ವಾ?”

“ನಾಳೆ ಅವರು ಮನಸ್ಸು ಬದಲಿಸಿದ್ರೆ?”

ಇಳಿಜಾರು ನಾನು ಎಣಿಸಿದ್ದಕ್ಕಿಂತ ಕಡಿದಾಗಿತ್ತು. ವಾಚ್‌ಮನ್ ಮುಂದೆ, ನಾನು ಹಿಂದೆ. “ಬಾಯಿ, ಬಿಡ್ಬೇಡಿ ಮಾರಾಯ್ರೆ!” ಎಂದು ಅಕ್ಕ ಕೂಗುತ್ತಲೇ ಇದ್ದರು. ಬಿಡಲಿಲ್ಲ.