ಎರಡನೇ ತಟ್ಟೆ

ಮೊನ್ನೆ ಬಾಗಿಲ ಮುಂದೆ ಒಂದು ಚೀಲ ನಿಂಬೆಹಣ್ಣು ಇತ್ತು. ಪಕ್ಕದ ಮನೆಗೆ ಹೊಸದಾಗಿ ಬಂದವರು ಇಟ್ಟುಹೋಗಿದ್ದರು. ಒಂದನ್ನು ಉಗುರಿನಿಂದ ಗೀರಿ ಮೂಸಿದೆ. ಅವರ ಹಿತ್ತಲಿನ ಅದೇ ಮರ, ಅದೇ ವಾಸನೆ... ಆ ಮನೆಯಲ್ಲಿ ಮೊದಲಿದ್ದ ಲ್ಯಾಟಿನ್ ಟೀಚರು ನೆನಪಾದರು.

ನಾವು ಅಮೆರಿಕದ ಈ ಸಾಂಟಾ ಕ್ಲಾರಾಕ್ಕೆ ಬರುವ ಹೊತ್ತಿಗೆ ಅವರು ರಿಟೈರ್ ಆಗಿ ಒಂಟಿಯಾಗಿದ್ದರು. ನನ್ನ ಮಗಳು ಹೈಸ್ಕೂಲಿನಲ್ಲಿ ಲ್ಯಾಟಿನ್ ತೆಗೆದುಕೊಂಡು ಒದ್ದಾಡುವುದನ್ನು ನೋಡಿ ತಾವಾಗಿಯೇ ಕರೆದು ಹೇಳಿಕೊಟ್ಟರು. ಸುಮ್ಮನೆ ಪಾಠ ಹೇಳಿಸಿಕೊಳ್ಳುವುದುಂಟೆ? ಶನಿವಾರ ಪಾಠ ಮುಗಿಯುವಷ್ಟರಲ್ಲಿ ಅನ್ನ, ಸಾರು, ಪಲ್ಯ ಹೊತ್ತುಕೊಂಡು ನಾನು ಹಾಜರು. ಡಬ್ಬಿಗಳು ನಿಂಬೆಹಣ್ಣು ತುಂಬಿಕೊಂಡು ವಾಪಸ್ ಬರುತ್ತಿದ್ದವು.

ಒಂದು ಶನಿವಾರ 'ಸೇವೆ ಮಾಡು' ಎನ್ನುವ ಅರ್ಥದ ಕ್ರಿಯಾಪದಗಳ ಪಾಠ. ಸರ್ವೀರೆ ಅಂದರೆ ಇನ್ನೊಬ್ಬರ ಆಳಾಗಿರುವುದು. ಮಿನಿಸ್ತ್ರಾರೆ ಅಂದರೆ ಪಕ್ಕದಲ್ಲಿದ್ದು ಬೇಕಾದ್ದನ್ನು ಒದಗಿಸುವುದು, ಊಟ ಬಡಿಸುವುದೂ ಅದೇ. ಕೊಲೆರೆಯಲ್ಲಿ ಹೊಲ ಉಳುವುದು, ಜೋಪಾನ ಮಾಡುವುದು, ದೇವರ ಪೂಜೆ ಎಲ್ಲ ಸೇರುತ್ತದಂತೆ. ಚಾಕರಿ ಬೇರೆ, ಬಡಿಸುವುದು ಬೇರೆ, ಆರೈಕೆ ಬೇರೆ ಅಂತ ನಮ್ಮಮ್ಮನಿಗೂ ಗೊತ್ತಿತ್ತು, ಲ್ಯಾಟಿನ್ ಬರುತ್ತಿರಲಿಲ್ಲ ಅಷ್ಟೆ. ಟೀಚರು ನನ್ನ ಕೈಯ ಸೌಟು ತೋರಿಸಿ "ನಿನ್ನದು ಎರಡನೆಯದು" ಎಂದು ನಕ್ಕರು. ಆಮೇಲೆ ಪಕ್ಕದ ಕುರ್ಚಿ ಎಳೆದರು.

"ಅಮ್ಮಾ, ಪ್ಲೀಸ್ ಕೂತ್ಕೋ. ಷೀ ವಾಂಟ್ಸ್ ಯೂ ಟು ಈಟ್ ವಿತ್ ಹರ್," ಅಂದಳು ಮಗಳು.

"ಬಡಿಸೋರು ಮೊದ್ಲು ತಿಂತಾರೇನೇ? ಅವ್ರುದ್ದಾಗ್ಲಿ, ಆಮೇಲೆ ನಂದು."

ಮಂಡ್ಯದಲ್ಲಿ ಕಲಿತದ್ದು ಅದು. ಉಂಡವರು ಎದ್ದ ಮೇಲೆಯೇ ಬಡಿಸಿದವರ ಊಟ.

ಮಗಳು ಕಾಲೇಜಿಗೆ ಹೋದಳು. ಟೀಚರು ಕಾಯಿಲೆ ಬಿದ್ದರು. ದಿನಾ ಮಧ್ಯಾಹ್ನ ಮೆತ್ತಗೆ ಅನ್ನ ಮಾಡಿ, ಸಾರಿನ ಜೊತೆ ಒಯ್ಯುತ್ತಿದ್ದೆ. ಟೇಬಲ್ಲಿನ ಮೇಲೆ ಯಾವಾಗಲೂ ಎರಡು ತಟ್ಟೆ. ನಾನು ಒಂದಕ್ಕೆ ಬಡಿಸಿ, ಇನ್ನೊಂದನ್ನು ಕಪಾಟಿನಲ್ಲಿ ಎತ್ತಿಡುತ್ತಿದ್ದೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೂ ಉಂಟು...

ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಅವರ ತಂಗಿ ಬಂದಿದ್ದರು. "ದಿನಾ ಫೋನಿನಲ್ಲಿ ನಿಮ್ಮದೇ ಮಾತು," ಎಂದರು. "ಒಬ್ಬಳೇ ಉಂಡು ಸಾಕಾಗಿದೆ, ಇವತ್ತಾದರೂ ಅವಳು ಕೂರಬಹುದು, ಅನ್ನುತ್ತಿದ್ದಳು."

ನಿಂತಲ್ಲೇ ಅತ್ತೆ. ಇಷ್ಟು ವರ್ಷವಾದರೂ ಆ ಮಾತು ನೆನೆದರೆ ಸಂಕಟವಾಗುತ್ತದೆ.

ಮೊನ್ನೆಯ ನಿಂಬೆಹಣ್ಣಿನಲ್ಲಿ ಚಿತ್ರಾನ್ನ ಮಾಡಿ ಪಕ್ಕದ ಮನೆಗೆ ಒಯ್ದೆ. ಹೊಸ ಹುಡುಗಿ ಎರಡು ತಟ್ಟೆ ತಂದಿಟ್ಟು, ಕಿಟಕಿಯ ಪಕ್ಕದ ಕುರ್ಚಿ ತೋರಿಸಿದಳು. ಟೀಚರು ಎಳೆಯುತ್ತಿದ್ದ ಕುರ್ಚಿಯೂ ಅಲ್ಲೇ ಇರುತ್ತಿತ್ತು. ಕೂತೆ. ಅವಳ ಜೊತೆಗೇ ಮೊದಲ ತುತ್ತು ಎತ್ತಿದೆ. ಕೂರುವುದಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.